ಜಾಲಿ ಮುಳ್ಳಿನ ದಾರಿ

ನಮ್ಮ ಮನೆಯಲ್ಲಿ ಹಳೇ ಸಾಮಾನು ಅಂತ ಉಳಿದಿರುವುದು ಎರಡೇ. ಒಂದು ನಮ್ಮ ಯಜಮಾನರ ಸೈಕಲ್ಲು, ಇನ್ನೊಂದು ನಾನು. ನನ್ನ ಸೊಸೆ ಶಾಂತಲಾ ಗುಜರಿಗೆ ಹಾಕಲು ಹೊರಟಿದ್ದು ಪುಣ್ಯಕ್ಕೆ ಮೊದಲನೆಯದನ್ನು ಮಾತ್ರ. (ಎರಡನೆಯದನ್ನು ಗುಜರಿಯವನು ಮುಟ್ಟುವುದಿಲ್ಲ ಅಂತ ಅವಳಿಗೂ ಗೊತ್ತು.)

ಸೈಕಲ್ಲು ಇರುವುದು ಮೆಟ್ಟಿಲ ಕೆಳಗೆ. ಅದೇ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡ್ ಬರಬೇಕು ಅನ್ನುವುದು ಶಾಂತಲಾಳ ಬಹುದಿನದ ಮಹಾ ಸಂಕಲ್ಪ.

"ಅತ್ತೆ, ಮಾವ ಹೋಗಿ ಒಂಬತ್ತು ವರ್ಷ ಆಯ್ತು. ಅವತ್ತಿಂದ ಇದು ನಿಂತಲ್ಲೇ ನಿಂತಿದೆ. ಟೈರು ಇಲಿ ತಿಂತು, ಸೀಟು ಇಲಿ ತಿಂತು. ಇನ್ನೂ ಇಟ್ಕೊಂಡಿರೋದು ಇಲಿ ಮರಿಗಳಿಗಾ?"

"ಅದು ಬರೀ ಸೈಕಲ್ಲಲ್ಲ ಕಣಮ್ಮ. ಅದಕ್ಕೆ ದಾರಿ ಗೊತ್ತು."

"ದಾರಿ ಗೊತ್ತಿದ್ರೆ ತಾನೇ ಗುಜರಿ ಅಂಗಡಿಗೆ ಹೋಗ್ಲಿ ಬಿಡಿ. ಭಾನುವಾರ ಗಾಡಿಯವನಿಗೆ ಬರೋಕೆ ಹೇಳಿದ್ದೀನಿ."

ನನ್ನ ಮಗ ಸತೀಶನ ಕಡೆ ನೋಡಿದೆ. ಅವನು ನಮ್ಮ ಮನೆಯ ನ್ಯಾಯಾಧೀಶ. ಯಾರು ಕೊನೆಗೆ ಮಾತಾಡುತ್ತಾರೋ ಅವರ ಪರವಾಗಿ ತೀರ್ಪು ಕೊಡುವುದು ಅವನ ಪದ್ಧತಿ. ಅವತ್ತು ಕೊನೆಗೆ ಮಾತಾಡಿದ್ದು ಶಾಂತಲಾ.

ಈ ಸೈಕಲ್ಲಿನ ಮಹಿಮೆ ನಿಮಗೆ ಹೇಳಬೇಕು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕಂಡದ್ದನ್ನು ಮರೆಯುವ ಅಭ್ಯಾಸ ನನಗಿಲ್ಲ. ಬಾಗಲೂರಿನ ಈಚೆಗಿನ ಈ ನಮ್ಮ ಊರಿಗೆ ನಾನು ಮದುವೆಯಾಗಿ ಬಂದಾಗ ನಮ್ಮ ಯಜಮಾನರಿಗೆ ಮುಕ್ಕಾಲು ಎಕರೆ ಹೂವಿನ ತೋಟ. ಬೆಳೆಯುತ್ತಿದ್ದುದು ಕಾಕಡ. ಕಾಕಡ ಅಂದರೆ ಮಹಾ ಅವಸರದ ಹೂವು. ನಸುಕಿನಲ್ಲಿ ಮೊಗ್ಗು ಕಿತ್ತು ಬಿಸಿಲು ಏರುವ ಮೊದಲೇ ಅಂಗಡಿ ಸೇರಿಸಬೇಕು. ಇಲ್ಲದಿದ್ದರೆ ಬುಟ್ಟಿಯಲ್ಲೇ ಅರಳಿ ಹಲ್ಲು ಕಿರಿಯುತ್ತದೆ. ಅರಳಿದ ಹೂವನ್ನು ಅಂಗಡಿಯವರು ಕಣ್ಣೆತ್ತಿಯೂ ನೋಡುವುದಿಲ್ಲ.

ವಾರದ ದಿನ ಯಜಮಾನರು ಒಬ್ಬರೇ ಯಲಹಂಕಕ್ಕೆ ಹೂವು ಹಾಕಿ ಬರುತ್ತಿದ್ದರು. ಶುಕ್ರವಾರ ಮತ್ತು ಹಬ್ಬದ ದಿನ ಬುಟ್ಟಿ ಎರಡಾಗುತ್ತಿತ್ತು. ಅವತ್ತು ಒಂದು ಬುಟ್ಟಿ ಹ್ಯಾಂಡಲ್ಲಿಗೆ, ಇನ್ನೊಂದು ಬುಟ್ಟಿ ನನ್ನ ತೊಡೆಗೆ, ನಾನು ಕ್ಯಾರಿಯರ್ ಮೇಲೆ. ವಾಪಸ್ಸು ಬರುವಾಗ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಮೂರು ವಾರ ನನ್ನ ತವರೂರು ಗಂಗಪ್ಪನಪಾಳ್ಯದ ಮೇಲೆಯೇ ಹೋಗುತ್ತಿದ್ದೆವು. ನಮ್ಮಮ್ಮನ ಮನೆ ಮುಂದೆ ನಿಲ್ಲಿಸಿ ಒಂದು ಗುಟುಕು ನೀರು ಕುಡಿದು, ಐದು ನಿಮಿಷ ಮಾತಾಡಿ ಹೊರಡುತ್ತಿದ್ದೆವು. ನಾಲ್ಕನೇ ವಾರ ಯಜಮಾನರು ಸೈಕಲ್ಲನ್ನು ಬೇರೆ ಕಡೆ ತಿರುಗಿಸಿದರು.

"ಯಾಕ್ರೀ, ನಮ್ಮೂರ್ ಕಡೆ ಓಗಲ್ವಾ?"

"ಆ ಅಳ್ಳದ ದಾರೀಲಿ ಜಾಲಿ ಮುಳ್ಳು ಬೆಳ್ಕೊಂಡದೆ ಕಣೆ. ಟ್ಯೂಬು ಉಳಿಯಾಕಿಲ್ಲ. ಸೈಕಲ್ಲಿಗೆ ಇದೇ ಅತ್ರ."

ಗಂಡ ಹತ್ತಿರ ಅಂದರೆ ಹತ್ತಿರ. ಆಮೇಲೆ ಇಪ್ಪತ್ತೇಳು ವರ್ಷ ಆ ದಾರಿಯಲ್ಲೇ ಓಡಾಡಿದೆವು. ಹಬ್ಬ ಹುಣ್ಣಿಮೆಗೆ ತವರಿಗೆ ಹೋಗುವಾಗ ಬಸ್ಸಿನಲ್ಲೇ ಹೋಗುತ್ತಿದ್ದೆ. ಎಂಥ ಮನುಷ್ಯ ಅಂತೀರಿ! ವಾರದ ದಿನ ಹೊಟ್ಟೆಗೆ ಏನೂ ತಿನ್ನದೆ ಹೊರಡುತ್ತಿದ್ದರು. "ಮೊದಲು ಕೆಲಸ, ಆಮೇಲೆ ಹೊಟ್ಟೆ" ಅನ್ನುತ್ತಿದ್ದರು. ಆದರೆ ನನ್ನನ್ನು ಮರೆಯುತ್ತಿರಲಿಲ್ಲ. ಆಗಾಗ ಯಲಹಂಕದ ಅಂಗಡಿಯಿಂದ ಎಳ್ಳುಂಡೆ ತರುತ್ತಿದ್ದರು. ತಿಂದು ನಾನು, "ಥೇಟ್ ನಮ್ಮಮ್ಮ ಮಾಡಿದಂಗೇ ಅದೆ" ಅಂದರೆ ಅವರು ಕೆಮ್ಮುತ್ತಿದ್ದರು. ಉಪವಾಸದ ಕೆಮ್ಮು ಅಂತ ನನ್ನ ಕರುಳು ಚುರ್ ಅನ್ನುತ್ತಿತ್ತು.

ಇಂಥ ಪುಣ್ಯಾತ್ಮರ ಸೈಕಲ್ಲು ಚಪ್ಪಲಿಗೆ ಜಾಗ ಬಿಡಬೇಕಂತೆ!

ಅಷ್ಟರಲ್ಲಿ ದೇವರು ನನ್ನ ಮೊಮ್ಮಗಳು ನಯನಾಳ ರೂಪದಲ್ಲಿ ಬಂದ. ಅವಳಿಗೆ ಆರ್.ಟಿ. ನಗರದ ಬ್ಯಾಂಕಿನಲ್ಲಿ ಕೆಲಸ. ವಾರವೆಲ್ಲ ಕುರ್ಚಿಯಲ್ಲಿ ಕೂತು ಭಾನುವಾರ ಸೈಕಲ್ ತುಳಿಯುವ ಹನ್ನೆರಡು ಜನರ ಗುಂಪು ಕಟ್ಟಿಕೊಂಡಿದ್ದಾಳೆ. ತಲೆಗೆ ಆಮೆಚಿಪ್ಪು, ಕಣ್ಣಿಗೆ ಕಪ್ಪು ಕನ್ನಡಕ, ಮೈಗೆ ಅಂಟಿಕೊಂಡ ಬಟ್ಟೆ. ಈ ವೇಷದಲ್ಲಿ ಅವರು ಇಪ್ಪತ್ತು ಕಿಲೋಮೀಟರ್ ಹೋಗಿ ಇಡ್ಲಿ ತಿಂದು ಬರುತ್ತಾರೆ. ಇಡ್ಲಿ ನಮ್ಮ ಬೀದಿಯಲ್ಲೂ ಸಿಗುತ್ತದೆ ಅಂತ ನಾನು ಹೇಳಿ ನೋಡಿದ್ದೇನೆ.

ಅವತ್ತು ನಯನಾ ತಲೆ ಮೇಲೆ ಕೈಹೊತ್ತು ಕೂತಿದ್ದಳು. "ಅಜ್ಜಿ, ಈ ವಾರ ಹೊಸ ರೂಟ್ ಹುಡುಕೋ ಸರದಿ ನಂದು. ಯಾರಿಗೂ ಗೊತ್ತಿಲ್ಲದ ದಾರಿ ಬೇಕಂತೆ. ನಂದಿ ಬೆಟ್ಟದ ರಸ್ತೆ ಎಲ್ಲರಿಗೂ ಬೇಜಾರಾಗಿದೆ. ಏರ್‌ಪೋರ್ಟ್ ರೋಡಲ್ಲಿ ಹೋದ್ರೆ ಲಾರಿ ನಮ್ಮನ್ನೇ ಇಡ್ಲಿ ಮಾಡುತ್ತೆ."

ನನ್ನ ತಲೆಯಲ್ಲಿ ದೀಪ ಹೊತ್ತಿತು. "ನಿಮ್ಮ ತಾತನ ದಾರಿ ಇಲ್ವೇನೇ! ಕೆರೆ ಏರಿ, ತೋಟ, ಬಂಡಿ ಜಾಡು. ಒಂದು ಲಾರಿ ಕಾಣಲ್ಲ. ಅತಿ ಹತ್ತಿರದ ದಾರಿ ಬೇರೆ. ನಾನೇ ತೋರಿಸ್ತೀನಿ."

ಒಳಗಿನಿಂದ ಶಾಂತಲಾ ನಕ್ಕಳು. "ಮೊನ್ನೆ ಸೊಪ್ಪು ತರೋಕೆ ಹೋಗಿ ಎರಡೂವರೆ ಗಂಟೆ ದಾರಿ ತಪ್ಪಿಸ್ಕೊಂಡಿದ್ದವರು ಯಾರು ಅತ್ತೆ?"

"ತಪ್ಪಿಸ್ಕೊಂಡಿರ್ಲಿಲ್ಲ. ಚನ್ನಕ್ಕ ಸಿಕ್ಕಿದ್ಲು. ಐದು ನಿಮಿಷ ಮಾತಾಡ್ತಾ ನಿಂತೆ."

"ಚನ್ನಕ್ಕ ಈಗ ಆ ಬೀದಿ ಬಿಟ್ಟು ಪಕ್ಕದ ಬೀದೀಲಿ ಓಡಾಡ್ತಾರೆ. ಗೊತ್ತಾ?"

ಈ ಮಾತಿಗೂ ದಾರಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಸವಾಲು ಹಾಕಿಬಿಟ್ಟೆ. ಭಾನುವಾರ ನಾನು ಆ ದಾರಿಯಲ್ಲಿ ಎಲ್ಲರನ್ನೂ ಯಲಹಂಕಕ್ಕೆ ಮುಟ್ಟಿಸಿದರೆ ಸೈಕಲ್ಲು ಮೆಟ್ಟಿಲ ಕೆಳಗೇ ಇರಬೇಕು. ಒಂದು ಕಡೆ ತಪ್ಪಿದರೂ ನಾನೇ ನನ್ನ ಕೈಯಾರ ಅದನ್ನು ಗುಜರಿ ಗಾಡಿಗೆ ಎತ್ತಿ ಹಾಕುತ್ತೇನೆ. ಶಾಂತಲಾ ಕೈ ಮೇಲೆ ಕೈ ಹೊಡೆದಳು. ಸತೀಶ ಈ ಸಲ ಇಬ್ಬರ ಪರವಾಗಿಯೂ ತೀರ್ಪು ಕೊಟ್ಟ.

ಶನಿವಾರ ಸಂಜೆ ನಯನಾಳ ಗುಂಪಿನ ಜೀಷಾನ್ ಬಂದರು. ಆರ್.ಟಿ. ನಗರದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ದೃಢಕಾಯದ ಮನುಷ್ಯ, ಇಬ್ಬರು ಮಕ್ಕಳ ತಂದೆ. ಹೊಸ ಟೈರು, ಹೊಸ ಸೀಟು, ಚೈನಿಗೆ ಎಣ್ಣೆ. ಎಲ್ಲ ಮುಗಿಸಿ ಸೈಕಲ್ಲಿನ ಬೆನ್ನು ತಟ್ಟಿದರು.

"ಅಮ್ಮಾ, ಇದರ ಫ್ರೇಮು ಇನ್ನೂ ಐವತ್ತು ವರ್ಷ ಬರುತ್ತೆ."

"ಅದರದ್ದು ಬಿಡಪ್ಪ, ನನ್ನ ಫ್ರೇಮು ನಾಳೆ ಯಲಹಂಕದ ತನಕ ಬಂದ್ರೆ ಸಾಕು."

ಭಾನುವಾರ ಬೆಳಿಗ್ಗೆ ಆರಕ್ಕೆ ಮೆರವಣಿಗೆ ಹೊರಟಿತು. ಜೀಷಾನ್ ಯಜಮಾನರ ಸೀಟಿನಲ್ಲಿ ಕೂತರು. ಕ್ಯಾರಿಯರ್ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಹಾಕಿ ನಾನು ವಿರಾಜಮಾನಳಾದೆ. ನನ್ನ ತಲೆಗೂ ಒಂದು ಹೆಲ್ಮೆಟ್ಟು ತೊಡಿಸಿದರು. ತುರುಬು ಅಡ್ಡ ಬಂತು. ತುರುಬು ಬಿಚ್ಚಿ ಜಡೆ ಹಾಕಿಸಿಕೊಂಡೆ. ಎಪ್ಪತ್ತೈದನೇ ವಯಸ್ಸಿನಲ್ಲಿ ಜಡೆ ಬಿಟ್ಟುಕೊಂಡು ಸೈಕಲ್ ಮೇಲೆ ಹೋಗುವ ನನ್ನನ್ನು ನೋಡಿ ಬೀದಿಯ ನಾಯಿಗಳೂ ಬೊಗಳುವುದನ್ನು ಮರೆತವು. ಎಲ್ಲರ ಹಿಂದೆ ಸ್ಕೂಟರಿನಲ್ಲಿ ಶಾಂತಲಾ. "ಬಿದ್ರೆ ಎತ್ಕೊಂಡು ಬರೋಕೆ" ಅಂದಳು. ನನ್ನ ಸೋಲನ್ನು ಕಣ್ತುಂಬ ನೋಡೋಕೆ ಅಂತ ನನಗೆ ಗೊತ್ತಿಲ್ಲವೇ?

ಹೊರಟ ಮೇಲೆ ಒಂದು ಸಣ್ಣ ತೊಡಕು ಎದುರಾಯಿತು. ಸೀರೆ ಉಟ್ಟವಳು ಕ್ಯಾರಿಯರ್ ಮೇಲೆ ಎಡಕ್ಕೆ ಕಾಲು ಬಿಟ್ಟು ಕೂರಬೇಕು. ಹಾಗೆ ಕೂತವಳಿಗೆ ಪ್ರಪಂಚದ ಎಡಗಡೆ ಮಾತ್ರ ಕಾಣುತ್ತದೆ. ಬಲಗಡೆಗೆ ಅವಳ ಬೆನ್ನು. ಇಪ್ಪತ್ತೇಳು ವರ್ಷದಲ್ಲಿ ಆ ದಾರಿಯ ಎಡಗಡೆಯ ಒಂದೊಂದು ಕಲ್ಲೂ ನನಗೆ ನೆಂಟ. ಬಲಗಡೆ ಏನಿತ್ತು ಅಂದರೆ ದೇವರಾಣೆ ಗೊತ್ತಿಲ್ಲ.

"ಅಮ್ಮಾ, ಇಲ್ಲಿ ಎಲ್ಲಿಗೆ?"

"ಎಡಗಡೆ ದೊಡ್ಡ ಹುಣಸೆ ಮರ ಬಂದ್ಮೇಲೆ ಬಲಕ್ಕೆ."

ಹುಣಸೆ ಮರ ಇತ್ತು. ಆದರೆ ಅದರ ಸುತ್ತ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಬೆಳೆದು, ಮರವೇ ಬಾಡಿಗೆಗೆ ಇರುವಂತೆ ಮೂಲೆಯಲ್ಲಿ ನಿಂತಿತ್ತು. ಬಲಕ್ಕೆ ತಿರುಗಿದೆವು. ಮುಂದೆ ಎಡಗಡೆ ಇಟ್ಟಿಗೆ ಗೂಡು ಬರಬೇಕು. ಕಲ್ಯಾಣ ಮಂಟಪ ಬಂತು. ಅಲ್ಲೂ ಹೊಗೆ ಏಳುತ್ತಿದ್ದುದರಿಂದ ನಾನು ಅನುಮಾನಿಸದೆ ಬಲಕ್ಕೆ ಅಂದೆ. ಅದಾದ ಮೇಲೆ ಎಡಗಡೆ ಬಾವಿ ಬರಬೇಕು. ನೀಲಿ ನೀರಿನ ಈಜುಕೊಳ ಬಂತು. ನೀರಿಗೆ ನೀರು ಸರಿಹೋಯಿತು ಅಂದುಕೊಂಡು ಮತ್ತೆ ಬಲಕ್ಕೆ ಅಂದೆ.

"ಅಜ್ಜಿ, ಮತ್ತೆ ಬಲಕ್ಕಾ?" ನಯನಾ ಪಕ್ಕಕ್ಕೆ ಬಂದು ಕೇಳಿದಳು. "ಬರೀ ಬಲಕ್ಕೇ ತಿರುಗ್ತಿದ್ದೀವಿ."

"ನಿಮ್ಮ ತಾತ ಎಡಕ್ಕೆ ತಿರುಗಿದವರೇ ಅಲ್ಲ. ಅಂಥ ನೇರ ಮನುಷ್ಯ."

ಒಂದು ಕಡೆ ಮಾತ್ರ ದಾರಿಯೇ ನಿಂತುಹೋಯಿತು. ದಾರಿಗೆ ಅಡ್ಡಲಾಗಿ ಒಂದು ಲೇಔಟಿನ ಕಾಂಪೌಂಡು. ಗೇಟಿನವನು, "ಮುಂದೆ ದಾರಿ ಇಲ್ಲ, ಹಿಂದಕ್ಕೆ ಹೋಗಿ" ಅಂದ. ಶಾಂತಲಾ ಸ್ಕೂಟರ್ ನಿಲ್ಲಿಸಿ ಫೋನ್ ತೆಗೆದಳು. "ಗುಜರಿಯವನು ಒಂಬತ್ತಕ್ಕೆ ಬರ್ಲಾ ಅಂತ ಕೇಳ್ತಿದ್ದಾನೆ ಅತ್ತೆ. ಏನ್ ಹೇಳ್ಲಿ?"

ನಾನು ಕಣ್ಣು ಮುಚ್ಚಿಕೊಂಡೆ. ಹಿಂದೆ ಕೂತು ಹೋಗುವವರಿಗೆ ದಾರಿ ಕಣ್ಣಿಗಿಂತ ಸೊಂಟಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಬಾವಿ ದಾಟಿದ ಮೇಲೆ ಒಂದು ಕುಲುಕು, ಸ್ವಲ್ಪ ಬಿಟ್ಟು ಜೋಡಿ ಕುಲುಕು. ಆ ಜೋಡಿ ಕುಲುಕು ಕಲ್ಲುಮೋರಿ. ಒಂದು ಕುಲುಕು ಆಗಿತ್ತು, ಜೋಡಿ ಕುಲುಕು ಇನ್ನೂ ಬಾಕಿ ಇತ್ತು. "ಮೋರಿ ಇಲ್ಲೇ ಎಲ್ಲೋ ಇರಬೇಕು, ಹುಡುಕ್ರಪ್ಪ" ಅಂದೆ. ಹನ್ನೆರಡು ಹೆಲ್ಮೆಟ್ಟುಗಳು ಗೋಡೆಯುದ್ದಕ್ಕೂ ಹುಡುಕಿದವು. ಮೂಲೆಯಲ್ಲಿ ಹಳೇ ಕಲ್ಲುಮೋರಿ, ಅದರ ಪಕ್ಕದಲ್ಲೇ ಮನೆಗೆಲಸದ ಹೆಂಗಸರು ನುಸುಳಿ ಬರಲು ಮಾಡಿಕೊಂಡ ಸಂದು! ಒಬ್ಬೊಬ್ಬರಾಗಿ ಸೈಕಲ್ ಎತ್ತಿ ಆಚೆಗಿಳಿಸಿದರು. ಶಾಂತಲಾಳ ಸ್ಕೂಟರನ್ನೂ ನಾಲ್ಕು ಜನ ಸೇರಿ ದಾಟಿಸಬೇಕಾಯಿತು.

ಆಚೆ ನೋಡಿದರೆ ಕೆರೆ! ಏರಿಯ ಮೇಲೆ ಕೆಂಪು ಮಣ್ಣಿನ ದಾರಿ, ನೀರಿನಲ್ಲಿ ಬಿಳಿ ಕೊಕ್ಕರೆ, ಒಂದೇ ಒಂದು ಹಾರನ್ ಇಲ್ಲ. ಬ್ಯಾಂಕಿನವರು, ಕಂಪನಿಯವರು, ಎಲ್ಲ ಮಕ್ಕಳ ಹಾಗೆ ಕೂಗಿದರು. "ಇದು ಇಷ್ಟು ಹತ್ರ ಇದ್ದು ನಮಗೆ ಗೊತ್ತೇ ಇರ್ಲಿಲ್ಲ ಗುರು!" ಅಂತ ಒಬ್ಬರು ಇನ್ನೊಬ್ಬರ ಬೆನ್ನು ಗುದ್ದಿದರು. ನಾನು ಹೆಲ್ಮೆಟ್ಟನ್ನು ಕಿರೀಟದ ಹಾಗೆ ನೇರ ಮಾಡಿಕೊಂಡೆ.

ಎಂಟು ಗಂಟೆಗೆ ಯಲಹಂಕದ ಇಡ್ಲಿ ಹೋಟೆಲು ಮುಟ್ಟಿದೆವು. ಶಾಂತಲಾ ನನ್ನ ಮುಂದೆ ಕಾಫಿ ತಂದಿಟ್ಟು, "ಸೋತೆ ಅತ್ತೆ. ಸೈಕಲ್ಲು ಅಲ್ಲೇ ಇರ್ಲಿ" ಅಂದಳು. ಆ ಕಾಫಿಯ ರುಚಿ! ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ನೋಡಿದ್ಯಾ, ಎಷ್ಟು ಹತ್ತಿರದ ದಾರಿ!" ಅಂದುಬಿಟ್ಟೆ.

ನಯನಾ ಫೋನ್ ನೋಡಿ ಹುಬ್ಬು ಗಂಟಿಕ್ಕಿದಳು. ನಾವು ಹೋದಂತೆಲ್ಲ ಆ ಫೋನು ಗೆರೆ ಎಳೆಯುತ್ತದಂತೆ. "ಹತ್ರ ಎಲ್ಲಿ ಅಜ್ಜಿ? ಹದಿನೇಳು ಕಿಲೋಮೀಟರ್ ಆಗಿದೆ. ನೇರವಾಗಿ ಬಂದಿದ್ರೆ ಏಳು."

ಗೆರೆ ನೋಡಿದೆ. ಥೇಟ್ ಕೋಡುಬಳೆ. ಒಂದು ತುದಿಯಲ್ಲಿ ನಮ್ಮೂರು, ಇನ್ನೊಂದು ತುದಿಯಲ್ಲಿ ಯಲಹಂಕ. ಎರಡು ತುದಿಯ ನಡುವೆ ಒಂದು ಚುಕ್ಕೆ.

"ಈ ಚುಕ್ಕೆ ಯಾವೂರು?"

"ಗಂಗಪ್ಪನಪಾಳ್ಯ. ಅದು ನಿಮ್ಮ ತವರೂರಲ್ವಾ ಅಜ್ಜಿ?"

ನಾನು ಜಾಲಿ ಮುಳ್ಳಿನ ಕಥೆ ಹೇಳಿದೆ. ಜೀಷಾನ್ ಇಡ್ಲಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಮುಳ್ಳಿಗೆ ಹೆದರಿ ಹತ್ತು ಕಿಲೋಮೀಟರ್ ಸುತ್ತಿದ್ರಾ? ಇಪ್ಪತ್ತೇಳು ವರ್ಷ? ಅಮ್ಮಾ, ಪಂಕ್ಚರ್ ಹಾಕೋಕೆ ಹತ್ತು ನಿಮಿಷ ಸಾಕು."

ಶಾಂತಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮಾವ ನಿಮ್ಮ ತವರುಮನೆಗೇ ಬೇಲಿ ಹಾಕಿದ್ದಾರೆ ಅತ್ತೆ! ನಿಮ್ಮನ್ನ ಪ್ರದಕ್ಷಿಣೆ ಹಾಕಿಸಿದ್ದಾರೆ, ಒಳಗೆ ಬಿಟ್ಟಿಲ್ಲ!"

ನನ್ನ ಮೈ ಉರಿದುಹೋಯಿತು. ಎಡಕ್ಕೆ ಮುಖ ಮಾಡಿ ಕೂತಿದ್ದ ನನ್ನ ಬೆನ್ನ ಹಿಂದೆಯೇ, ಅಷ್ಟು ವರ್ಷ, ನಮ್ಮಮ್ಮನ ಮನೆ ಇತ್ತು! ನಮ್ಮಮ್ಮನನ್ನು ಕಂಡರೆ ಅವರಿಗೆ ಇಷ್ಟು ತಾತ್ಸಾರವೇ? "ಜೀಷಾನಪ್ಪ, ಸೈಕಲ್ ತಿರುಗಿಸು. ನಮ್ಮ ತಮ್ಮನ ಮನೆಗೆ. ನೇರ ದಾರೀಲಿ."

ನೇರ ದಾರಿಯಲ್ಲಿ ಒಂದು ಜಾಲಿ ಗಿಡವೂ ಇರಲಿಲ್ಲ. ಹಳ್ಳದ ಮೇಲೆ ಸೇತುವೆ. ಸೇತುವೆಯ ಕಲ್ಲು ನನಗಿಂತ ಹಳೆಯದು. ಹದಿನೈದೇ ನಿಮಿಷದಲ್ಲಿ ಹನ್ನೆರಡು ಸೈಕಲ್ಲು, ಒಂದು ಸ್ಕೂಟರು ಗಂಗಪ್ಪನಪಾಳ್ಯ ಹೊಕ್ಕವು. ನನ್ನ ತಮ್ಮ ಬ್ಯಾಟರಾಯಪ್ಪ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಜೀಷಾನ್ ಸೈಕಲ್ಲನ್ನು ಜಗಲಿಯ ಕಲ್ಲುಕಂಬಕ್ಕೆ ಒರಗಿಸಿದರು. ಒರಗಿಸಿದವರು ಬಗ್ಗಿ ನೋಡಿದರು.

"ಅಮ್ಮಾ, ಇಲ್ಲಿ ನೋಡಿ."

ಕಂಬದಲ್ಲಿ ಪೆಡಲಿನ ಎತ್ತರಕ್ಕೆ ಸರಿಯಾಗಿ ಒಂದು ಗುಳಿ. ನಮ್ಮ ಸೈಕಲ್ಲಿನ ಪೆಡಲ್ಲು ಅದರೊಳಗೆ ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ಕೂತಿತ್ತು. ಒಂದೆರಡು ದಿನ ಒರಗಿಸಿದರೆ ಕಲ್ಲು ಸವೆಯುವುದಿಲ್ಲ.

"ಅಯ್, ಬಾವನ ಸೈಕಲ್ಲು!" ಬ್ಯಾಟರಾಯಪ್ಪ ಅವರೆಕಾಯಿ ಚೆಲ್ಲಿಕೊಂಡು ಎದ್ದ. "ದಿನಾ ಇಲ್ಲೇ ಅಲ್ವಾ ನಿಲ್ತಿದ್ದುದು!"

"ಯಾವ ದಿನಾನೋ?"

"ಸುಕ್ರವಾರ ಒಂದ್ ಬಿಟ್ಟು ದಿನಾ. ಅಮ್ಮ ರೊಟ್ಟಿ ತಟ್ಟಿ ಕಾಯ್ತಿದ್ಲು. ಬಾವ ನಾಕು ರೊಟ್ಟಿ ತಿಂದು, ಮಜ್ಜಿಗೆ ಕುಡ್ದು, ಊವು ತಕ್ಕೊಂಡು ಓಯ್ತಿದ್ರು. ವಾಪಸ್ ಬರೋವಾಗ ನಿಂಗೆ ಅಂತ ಅಮ್ಮ ಎಳ್ಳುಂಡೆ ಕಟ್ಟಿಕೊಡ್ತಿದ್ಲಲ್ಲ!"

ಉಪವಾಸದ ಕೆಮ್ಮು! ನಾನು ಕಂಬ ಹಿಡಿದುಕೊಂಡೆ. "ಮತ್ತೆ ನನ್ನನ್ಯಾಕೋ ಸುತ್ತಿಸ್ಕೊಂಡು ಕರ್ಕೊಂಡ್ ಓಗ್ತಿದ್ರು?"

ಬ್ಯಾಟರಾಯಪ್ಪ ತಲೆ ಕೆರೆದುಕೊಂಡ. ಹನ್ನೆರಡು ಜನರ ಮುಖ ನೋಡಿದ. "ಓಗ್ಲಿ ಬುಡಕ್ಕ, ಹಳೇ ಮಾತು."

"ಏಳೋ!"

"ಅದು ಬಾವಂದಲ್ಲ ಕಣಕ್ಕ, ಅಮ್ಮಂದೇ ಐಡಿಯಾ. ನೀನು ಹೊಸದ್ರಲ್ಲಿ ಮೂರು ವಾರ ಬಂದಲ್ಲ, ಐದು ನಿಮಿಸ ಅಂತ ಕೂತು ಒಂದೂವರೆ ಗಂಟೆ ಮಾತಾಡ್ದೆ. ಮೂರು ವಾರಾನೂ ಕಾಕಡ ಬುಟ್ಟಿಯಾಗೇ ಅರಳೋಯ್ತು. ಬಾವ ಪಾಪ ಬಾಯಿ ಬಿಟ್ಟು ಏನೂ ಅನ್ಲಿಲ್ಲ. ಆವಾಗ ಅಮ್ಮಾನೇ ಏಳಿದ್ಲು. 'ಅಳಿಯಂದಿರೇ, ಏಳು ಮೈಲಿ ಸುತ್ತಾದ್ರೂ ಚಿಂತಿಲ್ಲ, ಅವಳನ್ನ ಮಾತ್ರ ಇತ್ಲಾಗೆ ಕರ್ಕೊಂಡ್ ಬರ್‌ಬ್ಯಾಡಿ. ಇಲ್ಲಿ ಕೂತ್ರೆ ಊವು ಅರಳ್ತದೆ, ಸುತ್ತಿದ್ರೆ ಮೊಗ್ಗಾಗೇ ಮುಟ್ತದೆ. ಜಾಲಿ ಮುಳ್ಳು ಬೆಳ್ದದೆ ಅಂದ್ಬುಡಿ' ಅಂತ."

ನಯನಾ ಬೀದಿಯ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ಶಾಂತಲಾ ಜಗಲಿಯ ಮೇಲೆ ಕುಸಿದು ಕೂತು ಬಿದ್ದು ಬಿದ್ದು ನಕ್ಕಳು.

ಹುಟ್ಟಿದ ಮೇಲೆ ಮೊದಲ ಸಲ ನನ್ನ ಬಾಯಿ ಕಟ್ಟಿತು. ಗಂಡ ಹಾಗೆ ಮಾಡಿದರೆ ತವರಿಗೆ ಹೋಗಿ ದೂರಬಹುದು. ತವರಿನವರು ಹಾಗೆ ಮಾಡಿದರೆ ಗಂಡನಿಗೆ ಹೇಳಬಹುದು. ಇಬ್ಬರೂ ಒಂದಾಗಿ ರೊಟ್ಟಿ ತಿಂದುಕೊಂಡು ಮಾಡಿದರೆ ಹೋಗುವುದೆಲ್ಲಿಗೆ? ಇಬ್ಬರೂ ನನ್ನ ಕೈಗೆ ಸಿಗದ ಕಡೆ ಹೋಗಿ ಕೂತಿದ್ದಾರೆ ಬೇರೆ.

ಆದರೂ ಸುಮ್ಮನಿದ್ದರೆ ಸುಳ್ಳು ನಿಜವಾಗಿಬಿಡುತ್ತದೆ. ಅಲ್ಲಿದ್ದವರಿಗೆ ಸತ್ಯ ತಿಳಿಯಲಿ ಅಂತ ಜಗಲಿಯ ಮೇಲೆ ಕೂತು ವಿವರಿಸಿದೆ. ನಾನು ಮಾತಾಡುತ್ತಿದ್ದುದು ಐದೇ ನಿಮಿಷ, ಆ ವರ್ಷ ಬಿಸಿಲು ಜಾಸ್ತಿ, ಕಾಕಡದ ತಳಿಯೇ ಸರಿಯಿರಲಿಲ್ಲ, ಮೊದಲ ವಾರ ನಮ್ಮ ಚಿಕ್ಕಮ್ಮ ಅಡ್ಡ ಬಂದಿದ್ದಳು, ಆ ಚಿಕ್ಕಮ್ಮನ ಮಗಳ ಮದುವೆಯ ಕಥೆ ಬೇರೆ ಇತ್ತು. ಹೀಗೆ ಐದೇ ನಿಮಿಷದಲ್ಲಿ ಎಲ್ಲ ಬಿಡಿಸಿ ಹೇಳಿ ತಲೆ ಎತ್ತಿ ನೋಡುತ್ತೇನೆ, ಹನ್ನೆರಡು ಹೆಲ್ಮೆಟ್ಟುಗಳಿದ್ದ ಜಾಗದಲ್ಲಿ ಎರಡು ಕೋಳಿ ನಿಂತಿವೆ. ಬ್ಯಾಟರಾಯಪ್ಪನ ಅವರೆಕಾಯಿ ಸುಲಿದು, ಬೇಯಿಸಿ, ಒಗ್ಗರಣೆಯೂ ಬಿದ್ದ ವಾಸನೆ ಬರುತ್ತಿದೆ. ಪಾಪ, ಜೀಷಾನ್ ಒಬ್ಬರು ಮಾತ್ರ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದರು. ನಾನಿಲ್ಲದೆ ಸೈಕಲ್ಲನ್ನು ತೆಗೆದುಕೊಂಡು ಹೋಗುವಂತಿರಲಿಲ್ಲವಲ್ಲ!

ಮನೆಗೆ ಬಂದವಳೇ ಶಾಂತಲಾಗೆ ಹೇಳಿದೆ. "ಕರೆಸು ಆ ಗುಜರಿಯವನನ್ನ. ಈ ಮೋಸಗಾರ ಸೈಕಲ್ಲು ನನ್ನ ಕಣ್ಣೆದುರಿಗೆ ಇರಕೂಡದು."

"ಅಯ್ಯೋ, ಬಿಡ್ತು ಅನ್ನಿ ಅತ್ತೆ!" ಶಾಂತಲಾ ಬಟ್ಟೆ ತಂದು ಹ್ಯಾಂಡಲ್ ಒರೆಸತೊಡಗಿದಳು. "ಸವಾಲು ಅಂದ್ರೆ ಸವಾಲು. ಇನ್ನು ಇದು ಈ ಮನೆ ಬಿಟ್ಟು ಹೋಗಲ್ಲ. ಎಂಥ ಜಾಣ ಮಾವನ ಸೈಕಲ್ಲು! ಚಪ್ಪಲಿ ಬೇಕಾದ್ರೆ ಬೀದೀಲಿರ್ಲಿ." ಈಗ ಪ್ರತಿ ಶುಕ್ರವಾರ ಅದರ ಹ್ಯಾಂಡಲ್ಲಿಗೆ ಒಂದು ಮೊಳ ಕಾಕಡ ಮುಡಿಸುತ್ತಾಳೆ. ಮುಡಿಸುವಾಗಲೆಲ್ಲ ನನ್ನ ಕಡೆ ನೋಡಿ, "ಅರಳೋಕೆ ಮುಂಚೆ ಹಾಕ್ಬಿಡ್ತೀನಿ ಅತ್ತೆ" ಅನ್ನುತ್ತಾಳೆ.

ಮರುವಾರ ಗುಂಪಿನವರು ಮತ್ತೆ ನಮ್ಮ ಮನೆ ಮುಂದೆ ಸೇರಿದರು. ಆ ಕೋಡುಬಳೆ ದಾರಿ ಅವರಿಗೆ ಬಲು ಇಷ್ಟವಾಗಿತ್ತು. ನಾನು ಆಗಲೇ ಜಡೆ ಹಾಕಿ, ಹೆಲ್ಮೆಟ್ಟು ತೊಟ್ಟು, ಕಂಬಳಿ ಮಡಿಸಿ ತಯಾರಾಗಿದ್ದೆ.

"ಜೀಷಾನಪ್ಪ, ಇವತ್ತು ಸುತ್ತು ಬೇಡ. ನೇರ ದಾರೀಲೇ ಹೋಗೋಣ. ತಮ್ಮನ ಮನೆ ಮುಂದೆ ಐದು ನಿಮಿಷ ನಿಲ್ಲಿಸಿದ್ರೆ ಸಾಕು."

ಜೀಷಾನ್ ನಯನಾಳ ಮುಖ ನೋಡಿದರು. ನಯನಾ ಹನ್ನೊಂದು ಜನರ ಮುಖ ನೋಡಿದಳು. ಜೀಷಾನ್ ಸೀಟಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಥೇಟ್ ನಮ್ಮ ಯಜಮಾನರ ಹಾಗೆಯೇ ಒಂದು ಕೆಮ್ಮು ಕೆಮ್ಮಿದರು.

"ಆ ದಾರಿ ಬೇಡ ಅಮ್ಮಾ. ಜಾಲಿ ಮುಳ್ಳು ಬೆಳೆದುಬಿಟ್ಟಿದೆಯಂತೆ."